ನಮ್ಮ ಕೈಗೆ ನಮ್ಮದೇ ಉಳಿ



ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ನೆಲ ಅಂದರೆ ಕಲ್ಲು. ಬಿಸಿಲು ಅಂದರೆ ಕೆಂಡ. ಕಲ್ಲಿನ ಗಣಿಗೆ ಹೋಗುವವರಿಗೆ ಕಾಲಲ್ಲಿ ಮೆಟ್ಟು ಬೇಕು. ತೊಗರಿ ಕೊಯ್ದ ಹೊಲದಾಗ ಕೂಳಿ ಚುಚ್ಚುತ್ತದೆ. ಅಲ್ಲಿಯೂ ಮೆಟ್ಟು ಬೇಕು. ಸಾಲಿಗೆ ಹೋಗುವ ಮಗುವಿನ ಚೀಲದ ಪಟ್ಟಿ ಹರಿದರೆ ಅದನ್ನೂ ಹೊಲಿಯಬೇಕು.

ಈ ಕೆಲಸ ಮಾಡುವವರು ಯಾರು? ಕೇಳಿದರೆ ಊರವರು ಗಂಡಸಿನ ಹೆಸರು ಹೇಳುತ್ತಾರೆ. ಆದರೆ ಮನೆಯೊಳಗೆ ಒಂದು ಸಲ ನೋಡಿರಿ. ತೊಗಲು ನೆನೆ ಹಾಕುವವಳು ಯಾರು? ಬಾರು ಹೆಣೆಯುವವಳು ಯಾರು? ಮೇಲಿನ ಪಟ್ಟಿ ಹೊಲಿಯುವವಳು ಯಾರು? ಬಹಳ ಮನೆಗಳಲ್ಲಿ ಅದು ಹೆಣ್ಣುಮಗಳೇ. ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ಕೊಲ್ಲಾಪುರಿ ಚಪ್ಪಲಿ ಮಾಡುತ್ತಾರೆ. ಅಲ್ಲಿಯೂ ಹೆಣಿಕೆ, ಹೊಲಿಗೆ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಆ ಚಪ್ಪಲಿಗೆ 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡಕ್ಕೂ ಸೇರಿ ಭೌಗೋಳಿಕ ಗುರುತು ಸಿಕ್ಕಿತು.

ಕೆಲಸ ಅವಳದು. ಆದರೆ ಸಾಮಾನಿನ ಪೆಟ್ಟಿಗೆ ಅವನದು. ಅವನು ದುಡಿಯಲು ಮುಂಬಯಿಗೋ ಹೈದರಾಬಾದಿಗೋ ಹೋದರೆ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಅವಳ ಕೈಯಲ್ಲಿ ಕಸುಬು ಇದ್ದರೂ ದುಡಿಮೆ ನಿಲ್ಲುತ್ತದೆ. ಇದು ಯಾಕೆ ಹೀಗಾಗಬೇಕು?

ಈ ಪಾಠದಲ್ಲಿ ತೊಗಲಿನ ಕೆಲಸದ ಸಾಮಾನುಗಳ ಬಗ್ಗೆ ತಿಳಿಯೋಣ. ಯಾವುದು ಬೇಕು, ಹ್ಯಾಂಗ ಆರಿಸಬೇಕು, ಹ್ಯಾಂಗ ಹಿಡಿಯಬೇಕು ಎಂದು ನೋಡೋಣ. ಈ ಕಸುಬು ನಿಮ್ಮ ಮನೆಯದಾಗಿದ್ದರೂ ಓದಿರಿ. ಅಲ್ಲದಿದ್ದರೂ ಓದಿರಿ. ಕಸುಬಿಗೆ ಜಾತಿಯ ಬೇಲಿ ಹಾಕಿದವರು ಮನುಷ್ಯರು. ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಅದನ್ನು ಆಚರಿಸುವುದು ಅಪರಾಧ.

ಹಿಂದಿನವರ ಮಾತು

ಬಸವಕಲ್ಯಾಣ ನಮಗೆ ದೂರ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣ ಹರಳಯ್ಯ ಇದ್ದರು. ಅವರ ಮಡದಿ ಕಲ್ಯಾಣಮ್ಮ. ಗಂಡ ಹೆಂಡತಿ ಇಬ್ಬರೂ ಕೂಡಿ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು ಎಂದು ಕಥೆ ಹೇಳುತ್ತದೆ. ಆ ಕಥೆಯಲ್ಲಿ ಕಲ್ಯಾಣಮ್ಮನ ಪಾಲೂ ಇದೆ. ಮರೆಯಬೇಡಿರಿ.

ಮಾದಾರ ಚೆನ್ನಯ್ಯ ಎಂಬ ಶರಣರ ವಚನಗಳೂ ಇವೆ. ಅವುಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಟ ಎಂಬ ಹೆಸರು ಬರುತ್ತವೆ. ಅಂಕಿತ ಅಂದರೆ ವಚನಕಾರರ ಗುರುತಿನ ಮಾತು. ತಮ್ಮ ಕೈಯ ಸಾಮಾನನ್ನೇ ಅವರು ತಮ್ಮ ಗುರುತಾಗಿ ಬರೆದರು. ಅದಕ್ಕೆ ನಾಚಿಕೆಪಡಲಿಲ್ಲ.

ಮೊದಲು ತೊಗಲು ನೋಡಿರಿ

ತೊಗಲು ತಿಳಿಯದೆ ಸಾಮಾನು ಆರಿಸಲು ಆಗುವುದಿಲ್ಲ.

ಎಮ್ಮೆಯ ತೊಗಲು ದಪ್ಪ. ಅದು ಅಟ್ಟೆಗೆ ಬರುತ್ತದೆ. ಆಡಿನ ತೊಗಲು ತೆಳು, ಮೆತ್ತಗೆ. ಅದು ಒಳಪದರಕ್ಕೆ, ಚೀಲಕ್ಕೆ, ಪಟ್ಟಿಗೆ ಬರುತ್ತದೆ.

ಒಂದೇ ತೊಗಲಿನಲ್ಲಿಯೂ ಜಾಗ ಜಾಗಕ್ಕೆ ಗುಣ ಬೇರೆ. ಬೆನ್ನಿನ ಭಾಗ ಗಟ್ಟಿ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಭಾರ ಹೊರುವ ಪಟ್ಟಿಯನ್ನು ಬೆನ್ನಿನ ಭಾಗದಿಂದ ಕತ್ತರಿಸಿರಿ. ಬೆನ್ನಿನ ಉದ್ದಕ್ಕೆ ಕತ್ತರಿಸಿದರೆ ಪಟ್ಟಿ ಕಡಿಮೆ ಹಿಗ್ಗುತ್ತದೆ.

ತೊಗಲಿಗೆ ಎರಡು ಮುಖ. ಕೂದಲಿದ್ದ ಕಡೆ ನುಣುಪು. ಮಾಂಸದ ಕಡೆ ಒರಟು.

ಹದ ಮಾಡುವುದರಲ್ಲಿಯೂ ಎರಡು ಬಗೆ. ಒಂದು ಗಿಡದ ತೊಗಟೆಯ ಹದ. ಜಾಲಿ ತೊಗಟೆ, ಅಳಲೆಕಾಯಿ ಇದಕ್ಕೆ ಬಳಸುತ್ತಾರೆ. ಹಳದಿ ಹೂ ಬಿಡುವ ತಂಗಡಿ ಗಿಡ ನೀವು ನೋಡಿರಬೇಕು. ಅದಕ್ಕೆ ಆವರಿಕೆ ಎಂದೂ ಹೆಸರು. ಅದರ ತೊಗಟೆಯೂ ಹದಕ್ಕೆ ಬರುತ್ತದೆ. ಇನ್ನೊಂದು ಕ್ರೋಮ್ ಎಂಬ ರಾಸಾಯನಿಕದ ಹದ. ಅದು ಕಾರ್ಖಾನೆಯಲ್ಲಿ ಆಗುತ್ತದೆ. ತೊಗಟೆಯ ಹದದ ತೊಗಲನ್ನು ನೀರಿನಲ್ಲಿ ತೋಯಿಸಿದರೆ ಮೆತ್ತಗಾಗುತ್ತದೆ. ಆಗ ಮಡಚಬಹುದು, ಬಡಿದು ಆಕಾರ ಕೊಡಬಹುದು. ಒಣಗಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಕ್ರೋಮ್ ತೊಗಲು ಹಾಗೆ ನಿಲ್ಲುವುದಿಲ್ಲ. ಅದನ್ನು ಹೊಲಿದೇ ಆಕಾರ ಕೊಡಬೇಕು.

ಆರಂಭಕ್ಕೆ ಆರು ಸಾಮಾನು

ಸಂತೆಯಲ್ಲಿ, ಪ್ಯಾಟಿಯಲ್ಲಿ ಬಗೆಬಗೆಯ ಸಾಮಾನು ಕಾಣುತ್ತವೆ. ಎಲ್ಲಾ ಬೇಕು ಅನ್ನಿಸುತ್ತದೆ. ಆದರೆ ಎಲ್ಲಾ ಬ್ಯಾಡ. ಮೊದಲು ಇಷ್ಟು ಸಾಕು:

1. ರಂಪಿಗೆ
2. ಉಳಿ ಮತ್ತು ಆರಿ
3. ಸುತ್ತಿಗೆ
4. ಸೂಜಿ, ದಾರ, ಮೇಣ
5. ಹುಣಸೆ ಕೊರಡು ಮತ್ತು ಕಲ್ಲು
6. ಸಾಣೆಕಲ್ಲು

ಹತ್ತು ಕೆಟ್ಟ ಸಾಮಾನಿಗಿಂತ ಎರಡು ಒಳ್ಳೆ ಸಾಮಾನು ಮೇಲು. ದುಡಿಮೆ ಬಂದ ಮೇಲೆ ಒಂದೊಂದಾಗಿ ಕೂಡಿಸಿರಿ.

ರಂಪಿಗೆ

ರಂಪಿಗೆ ಅಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ. ರಾಂಪಿ ಎಂದೂ ಅಂತಾರ. ಇದು ಎರಡು ಕೆಲಸ ಮಾಡುತ್ತದೆ. ಒಂದು, ತೊಗಲನ್ನು ಕತ್ತರಿಸುವುದು. ಎರಡು, ತೊಗಲಿನ ಅಂಚನ್ನು ಕೆರೆದು ತೆಳ್ಳಗೆ ಮಾಡುವುದು. ಅಂಚು ತೆಳುವಾದರೆ ಮಡಿಕೆ ಚೆನ್ನಾಗಿ ಕೂಡುತ್ತದೆ. ಕಾಲಿಗೆ ಒತ್ತುವುದಿಲ್ಲ.

ಆರಿಸುವಾಗ ಹೀಗೆ ನೋಡಿರಿ. ಹಿಡಿಕೆಯನ್ನು ನಿಮ್ಮ ಅಂಗೈಯಲ್ಲಿ ಹಿಡಿಯಿರಿ. ಬೆರಳು ಸುತ್ತಿ ಬರಬೇಕು. ದಪ್ಪ ಹಿಡಿಕೆಯಾದರೆ ಕೈ ಬೇಗ ಸೋಲುತ್ತದೆ. ಗಂಡಸಿನ ಅಂಗೈಗೆ ಮಾಡಿದ ಹಿಡಿಕೆ ನಿಮ್ಮ ಕೈಗೆ ಸರಿ ಬರಲಿಕ್ಕಿಲ್ಲ. ಬಡಿಗೇರಗೆ ಹೇಳಿ ಹಿಡಿಕೆ ಸಣ್ಣದು ಮಾಡಿಸಿಕೊಳ್ಳಿರಿ. ಅದಕ್ಕೆ ನಾಚಿಕೆ ಬ್ಯಾಡ. ಸಾಮಾನು ಕೈಗೆ ಹೊಂದಬೇಕು. ಕೈ ಸಾಮಾನಿಗೆ ಹೊಂದಬೇಕಾಗಿಲ್ಲ.

ಹಿಡಿಕೆಯಲ್ಲಿ ಅಲಗು ಅಲುಗಾಡಬಾರದು. ಅಲುಗಾಡುವ ರಂಪಿಗೆ ಕೈ ಕೊಯ್ಯುತ್ತದೆ.

ಲಾರಿಯ ಪಟ್ಟಾದಿಂದ ಕಮ್ಮಾರರು ಮಾಡಿದ ರಂಪಿಗೆ ಚೆನ್ನಾಗಿ ಬಾಳುತ್ತದೆ. ಪಟ್ಟಾ ಅಂದರೆ ಲಾರಿಯ ಗಾಲಿಯ ಮೇಲೆ ಇರುವ ಉಕ್ಕಿನ ಸ್ಪ್ರಿಂಗ್. ಅದು ಗಟ್ಟಿ ಉಕ್ಕು. ಆದರೆ ತಿರುಗುವ ಯಂತ್ರದ ಸಾಣೆಗೆ ಹಿಡಿದು ಅಲಗಿನ ಬಾಯಿ ನೀಲಿ ಬಣ್ಣಕ್ಕೆ ಬಂದಿದ್ದರೆ ಕೊಳ್ಳಬೇಡಿರಿ. ಕಾವು ಹೆಚ್ಚಾಗಿ ಉಕ್ಕಿನ ಹದ ಇಳಿದಿರುತ್ತದೆ. ಅಂಥ ಬಾಯಿ ಬೇಗ ಮೊಂಡಾಗುತ್ತದೆ.

ಕೊಯ್ಯುವಾಗ ಅಲಗು ಮೈಯಿಂದ ಆಚೆಗೆ ಹೋಗಬೇಕು. ನಿಮ್ಮ ಕಡೆಗೆ ಎಳೆಯಬೇಡಿರಿ. ಎಡಗೈ ಯಾವಾಗಲೂ ಅಲಗಿನ ಹಿಂದೆ ಇರಲಿ, ಮುಂದೆ ಬ್ಯಾಡ. ತೊಗಲನ್ನು ತೊಡೆಯ ಮೇಲೆ ಇಟ್ಟು ಕೊಯ್ಯಬೇಡಿರಿ. ದಪ್ಪ ತೊಗಲನ್ನು ಒಂದೇ ಸಲಕ್ಕೆ ಕೊಯ್ಯಲು ಹೋಗಬೇಡಿರಿ. ಮೊದಲ ಸಲ ಗೆರೆ ಬೀಳಲಿ. ಎರಡನೆಯ ಸಲ ಆಳ ಹೋಗಲಿ. ಮೂರನೆಯ ಸಲಕ್ಕೆ ಬಿಡುತ್ತದೆ.

ಕಲ್ಲು ಮತ್ತು ಕೊರಡು

ಶಹಾಬಾದ ಕಲ್ಲು ಎಲ್ಲರಿಗೂ ಗೊತ್ತು. ನಮ್ಮ ಮನೆಯ ನೆಲಕ್ಕೆ, ಕಟ್ಟೆಗೆ ಅದೇ ಕಲ್ಲು. ತೊಗಲಿನ ಕೆಲಸಕ್ಕೂ ಅದು ಬರುತ್ತದೆ. ಎರಡು ಗೇಣು ಅಗಲದ ನುಣುಪಾದ ತುಂಡು ಸಾಕು.

ಆದರೆ ಯಾವ ಕೆಲಸಕ್ಕೆ ಯಾವುದು ಎಂದು ತಿಳಿಯಬೇಕು.

ಅಂಚು ತೆಳ್ಳಗೆ ಮಾಡುವಾಗ ಕಲ್ಲು ಒಳ್ಳೆಯದು. ರಂಪಿಗೆ ಮಲಗಿಕೊಂಡು ಹೋಗುತ್ತದೆ. ಕೆಳಗೆ ಗಟ್ಟಿ, ಸಪಾಟು ಇದ್ದರೆ ಅಂಚು ಒಂದೇ ಸಮ ಬರುತ್ತದೆ.

ಪೂರ್ತಿ ಕತ್ತರಿಸುವಾಗ ಹುಣಸೆ ಕೊರಡು ಬೇಕು. ಆಗ ಅಲಗು ನೆಟ್ಟಗೆ ಕೆಳಗೆ ಇಳಿಯುತ್ತದೆ. ಕಲ್ಲಿಗೆ ತಾಗಿದರೆ ಬಾಯಿ ಮಡಚಿ ಹೋಗುತ್ತದೆ. ಹುಣಸೆ ಕಟ್ಟಿಗೆ ಗಟ್ಟಿ. ಆದರೂ ಅಲಗನ್ನು ಕೆಡಿಸುವುದಿಲ್ಲ.

ಇನ್ನೊಂದು ಮಾತು. ಶಹಾಬಾದ ಕಲ್ಲಿನ ಮೇಲೆ ರಂಪಿಗೆ ಮಸೆಯಲು ಹೋಗಬೇಡಿರಿ. ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾಗುವುದೂ ಸುಣ್ಣದ ಕಲ್ಲೇ. ಅದು ಉಕ್ಕಿಗಿಂತ ಮೆತ್ತಗೆ. ಕಲ್ಲೇ ಸವೆಯುತ್ತದೆ, ಅಲಗು ಹರಿತ ಆಗುವುದಿಲ್ಲ. ಮಸೆಯಲು ಸಾಣೆಕಲ್ಲೇ ಬೇಕು.

ಉಳಿ ಮತ್ತು ಆರಿ

ತೊಗಲಿಗೆ ಸೂಜಿ ನೇರವಾಗಿ ಹೋಗುವುದಿಲ್ಲ. ಮೊದಲು ತೂತು ಬೇಕು. ತೂತು ಹಾಕಲು ಉಳಿ. ಅದರ ತುದಿ ಚೂಪು.

ಆರಿ ಅಂದರೆ ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಉಳಿ. ಅದು ತೂತು ಹಾಕಿ ದಾರವನ್ನೂ ಎಳೆದುಕೊಂಡು ಬರುತ್ತದೆ.

ಉಳಿ ಕೊಳ್ಳುವಾಗ ಹಿಡಿಕೆ ಅಂಗೈ ಗುಳಿಯಲ್ಲಿ ದುಂಡಗೆ ಕೂಡಬೇಕು. ಕಂಬಿ ನೆಟ್ಟಗೆ ಇರಬೇಕು. ತೀರ ಉದ್ದ ಕಂಬಿ ಬಾಗುತ್ತದೆ, ಮುರಿಯುತ್ತದೆ. ತೆಳು ತೊಗಲಿಗೆ ಸಣ್ಣ ಉಳಿ, ಅಟ್ಟೆಗೆ ದಪ್ಪ ಉಳಿ. ಆರಿಯಾದರೆ ಕೊಕ್ಕೆಯನ್ನು ಹಳೆ ಬಟ್ಟೆಯ ಮೇಲೆ ಎಳೆದು ನೋಡಿರಿ. ದಾರ ಹಿಡಿಯುವ ಜಾಗದಲ್ಲಿ ಒರಟು ಇದ್ದರೆ ಅದು ಹೊಲಿಗೆಯ ದಾರವನ್ನು ಕತ್ತರಿಸುತ್ತದೆ.

ತೂತು ದಾರಕ್ಕಿಂತ ದೊಡ್ಡದಾಗಬಾರದು. ದೊಡ್ಡದಾದರೆ ನೀರು ಒಳಗೆ ಹೋಗುತ್ತದೆ, ಹೊಲಿಗೆ ಸಡಿಲಾಗುತ್ತದೆ.

ತೂತು ಎಷ್ಟು ದೂರಕ್ಕೆ ಹಾಕಬೇಕು? ಜೋಳದ ಕಾಳನ್ನೇ ಅಳತೆ ಮಾಡಿಕೊಳ್ಳಿರಿ. ಒಂದು ತೂತಿನಿಂದ ಇನ್ನೊಂದಕ್ಕೆ ಒಂದು ಜೋಳದ ಕಾಳಿನಷ್ಟು ದೂರ. ತೆಳು ತೊಗಲಿನಲ್ಲಿ ಅಂಚಿನಿಂದಲೂ ಒಂದು ಕಾಳು ಬಿಡಿರಿ. ಅಟ್ಟೆಯಲ್ಲಿ ಎರಡು ಕಾಳು ಬಿಡಿರಿ. ಅಂಚಿಗೆ ತೀರ ಹತ್ತಿರ ಹೊಲಿದರೆ ತೊಗಲು ಹರಿದು ಹೊಲಿಗೆ ಕಿತ್ತು ಬರುತ್ತದೆ.

ಮೊದಲು ಗೆರೆ ಎಳೆಯಿರಿ. ಗೆರೆಯ ಮೇಲೆ ಚುಕ್ಕೆ ಇಡಿರಿ. ಆಮೇಲೆ ತೂತು ಹಾಕಿರಿ. ರಂಗೋಲಿಗೆ ಚುಕ್ಕೆ ಇಟ್ಟ ಕೈಗೆ ಇದು ಕಷ್ಟ ಅಲ್ಲ.

ಸೂಜಿ, ದಾರ, ಮೇಣ

ದಾರಕ್ಕೆ ಮೇಣ ತಿಕ್ಕಬೇಕು. ಜೇನು ಮೇಣ ಒಳ್ಳೆಯದು. ಮೇಣ ತಿಕ್ಕಿದ ದಾರದ ಎಳೆಗಳು ಕೂಡಿ ಇರುತ್ತವೆ. ನೀರು ಬೇಗ ಹಿಡಿಯುವುದಿಲ್ಲ. ತೂತಿನಲ್ಲಿ ದಾರ ಬಿಗಿಯಾಗಿ ಕೂಡುತ್ತದೆ.

ಹೊಲಿಗೆ ಎರಡು ಬಗೆ ಹೇಳುತ್ತೇವೆ.

ಎರಡು ಸೂಜಿಯ ಹೊಲಿಗೆ: ಒಂದೇ ದಾರ. ಎರಡು ತುದಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಹೋಗಬೇಕು. ಎರಡೂ ಎಳೆದು ಬಿಗಿ ಮಾಡಿರಿ. ಇದರಲ್ಲಿ ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಒಂದು ಗೇಣು ಹೊಲಿಗೆಗೆ ಸುಮಾರು ನಾಲ್ಕು ಗೇಣು ದಾರ ಬೇಕು. ತೊಗಲು ದಪ್ಪ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ನಡುವೆ ದಾರ ಸಾಲದೆ ಹೋದರೆ ಗಂಟು ಹಾಕಬೇಕಾಗುತ್ತದೆ. ಗಂಟು ಕಾಲಿಗೆ ಒತ್ತುತ್ತದೆ. ಅದಕ್ಕೆ ಮೊದಲೇ ಅಳೆಯಿರಿ.

ಆರಿಯ ಹೊಲಿಗೆ: ಎಡಗೈಯಲ್ಲಿ ದಾರ ತೊಗಲಿನ ಕೆಳಗೆ ಇರಲಿ. ಆರಿಯನ್ನು ಮೇಲಿನಿಂದ ಚುಚ್ಚಿರಿ. ಕೆಳಗೆ ದಾರವನ್ನು ಕೊಕ್ಕೆಗೆ ಸಿಗಿಸಿರಿ. ಮೇಲೆ ಎಳೆಯಿರಿ. ಒಂದು ಕುಣಿಕೆ ಬರುತ್ತದೆ. ಮೇಲಿರುವ ದಾರದ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎರಡೂ ಕಡೆ ಜಗ್ಗಿರಿ. ಇದು ಬೇಗ ಆಗುವ ಹೊಲಿಗೆ. ರೈಲು ನಿಲ್ದಾಣದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ದುರಸ್ತಿ ಮಾಡುವವರ ಕೈ ನೋಡಿರಿ. ಈ ಹೊಲಿಗೆಯೇ ಹೆಚ್ಚು. ಗಿರಾಕಿ ರೈಲಿಗೆ ಹೋಗಬೇಕು. ಅವರಿಗೆ ತಡ ಆಗಬಾರದು.

ಸುತ್ತಿಗೆ

ಬಡಿಗೇರ ಸುತ್ತಿಗೆ ಬೇರೆ, ತೊಗಲಿನ ಸುತ್ತಿಗೆ ಬೇರೆ. ತೊಗಲಿನ ಸುತ್ತಿಗೆಯ ಮುಖ ಅಗಲ, ನುಣುಪು. ಸ್ವಲ್ಪ ಉಬ್ಬಿರುತ್ತದೆ. ಚೂಪು ಅಂಚಿನ ಸುತ್ತಿಗೆಯಿಂದ ಬಡಿದರೆ ತೊಗಲಿನ ಮೇಲೆ ಕಲೆ ಬೀಳುತ್ತದೆ. ಹೊಸದಾಗಿ ಕಲಿಯುವವರು ತೀರ ಭಾರದ ಸುತ್ತಿಗೆ ಕೊಳ್ಳಬೇಡಿರಿ. ದಿನವಿಡೀ ಎತ್ತಿದರೆ ಮಣಿಕಟ್ಟು ನೋಯುತ್ತದೆ. ಕಾಲು ಕಿಲೋದಿಂದ ಅರ್ಧ ಕಿಲೋ ಸಾಕು.

ಅಟ್ಟೆಗೆ ಮೊಳೆ ಹೊಡೆದರೆ ಕೆಳಗೆ ಕಬ್ಬಿಣದ ಅಡಿ ಇರಬೇಕು. ಮೊಳೆಯ ತುದಿ ಕಬ್ಬಿಣಕ್ಕೆ ತಾಗಿ ಮಡಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮೆಟ್ಟಿನ ಒಳಗೆ ಹಳೆ ಬಟ್ಟೆಯಿಂದ ಸವರಿ ನೋಡಿರಿ. ಬಟ್ಟೆ ಸಿಕ್ಕಿಕೊಂಡರೆ ಅಲ್ಲಿ ಮೊಳೆ ಎದ್ದಿದೆ ಎಂದು ಅರ್ಥ. ಇದನ್ನು ಮರೆಯಬೇಡಿರಿ. ಸಕ್ಕರೆ ರೋಗ ಹಳೆಯದಾದವರಿಗೆ ಕಾಲು ಜೋಮು ಹಿಡಿದಿರಬಹುದು. ಮೊಳೆ ಚುಚ್ಚಿದ್ದು ತಿಳಿಯುವುದಿಲ್ಲ. ಸಣ್ಣ ಗಾಯ ದೊಡ್ಡ ಹುಣ್ಣಾಗುತ್ತದೆ. ಕಾಲನ್ನೇ ತೆಗೆಯುವ ಗತಿ ಬರಬಹುದು.

ಹರಿತ ಇದ್ದರೆ ಕೈಗೆ ಹಿತ

"ಹರಿತ ಇದ್ದರ ಕೈ ಕೊಯ್ಯತದ ಅಕ್ಕಾ, ಮೊಂಡ ಇದ್ದರ ಛಲೋ" ಎಂದು ಕೆಲವರು ಹೇಳುತ್ತಾರೆ. ಅದು ಹಾಗಲ್ಲ. ಮೊಂಡ ಅಲಗಿಗೆ ಜೋರು ಹಾಕಬೇಕು. ಜೋರು ಹಾಕಿದಾಗ ಅಲಗು ಜಾರುತ್ತದೆ. ಜಾರಿದಾಗಲೇ ಕೈ ಕೊಯ್ಯುವುದು.

ಮಸೆಯುವ ರೀತಿ ಹೀಗೆ:

1. ಸಾಣೆಕಲ್ಲಿನ ಮೇಲೆ ನೀರು ಹಾಕಿರಿ.
2. ಅಲಗಿನ ಇಳಿಜಾರು ಮುಖವನ್ನು ಕಲ್ಲಿಗೆ ಪೂರ್ತಿ ಕೂಡಿಸಿರಿ.
3. ಮೊದಲು ಒರಟು ಕಡೆ, ಆಮೇಲೆ ನುಣುಪು ಕಡೆ ತಿಕ್ಕಿರಿ.
4. ಹಲಗೆಗೆ ಒಂದು ತೊಗಲಿನ ತುಂಡು ಅಂಟಿಸಿರಿ. ಒರಟು ಮುಖ ಮೇಲಿರಲಿ. ಅದರ ಮೇಲೆ ಅಲಗನ್ನು ಹಿಂದಕ್ಕೆ ಎಳೆಯಿರಿ. ಎರಡೂ ಮುಖ ಹಾಗೆ ಮಾಡಿರಿ.
5. ತೊಗಲಿನ ಚೂರು ಕೊಯ್ದು ನೋಡಿರಿ. ಬೆರಳಿನಿಂದ ನೋಡಬೇಡಿರಿ.

ಕೆಲಸ ಮುಗಿದ ಮೇಲೆ ಒರೆಸಿ ಸ್ವಲ್ಪ ಮಶೀನ್ ಎಣ್ಣೆ ಇಲ್ಲವೆ ಕೊಬ್ಬರಿ ಎಣ್ಣೆ ಸವರಿರಿ. ತುಕ್ಕು ಹಿಡಿಯುವುದಿಲ್ಲ. ಕುಸುಬಿ ಎಣ್ಣೆ ಬ್ಯಾಡ. ಅದು ಒಣಗಿ ಅಂಟಾಗುತ್ತದೆ.

ನಿಮ್ಮ ಮೈ ಕಾಪಾಡಿಕೊಳ್ಳಿರಿ

ಉಳಿಯ ತುದಿಗೆ ಜೋಳದ ದಂಟಿನ ಬೆಂಡು ಸಿಗಿಸಿ ಇಡಿರಿ. ರಂಪಿಗೆಗೆ ತೊಗಲಿನ ಒರೆ ಹೊಲಿದುಕೊಳ್ಳಿರಿ. ಮೊದಲ ಹೊಲಿಗೆಗೆ ಅದೇ ಒಳ್ಳೆ ಅಭ್ಯಾಸ. ಮಕ್ಕಳ ಕೈಗೆ ಎಟುಕದ ಹಾಗೆ ಇಡಿರಿ.

ಉಳಿ ಚುಚ್ಚಿದರೆ ಗಾಯ ಸಣ್ಣದಾಗಿ ಕಾಣುತ್ತದೆ. ಆದರೆ ಆಳ ಇರುತ್ತದೆ. ಅರಿಶಿಣ, ಸುಣ್ಣ ಮೆತ್ತಿ ಸುಮ್ಮನಾಗಬೇಡಿರಿ. ಸಾಬೂನು, ನೀರು ಹಾಕಿ ತೊಳೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿರಿ.

ಅಂಟಿಸುವ ಸೊಲ್ಯೂಷನ್ ಗಾಢ ವಾಸನೆ ಬರುತ್ತದೆ. ಆ ಗಾಳಿ ತಲೆನೋವು ತರುತ್ತದೆ. ಬಹಳ ದಿನ ಕುಡಿದರೆ ಮೈಗೆ ಕೇಡು. ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ. ಒಲೆಯ ಹತ್ತಿರ, ಮುಚ್ಚಿದ ಕೋಣೆಯಲ್ಲಿ ಬಳಸಬೇಡಿರಿ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಿರಿ. ಬಳಸಿದ ಮೇಲೆ ಡಬ್ಬಿ ಬಿಗಿಯಾಗಿ ಮುಚ್ಚಿರಿ.

ಬಗ್ಗಿ ಬಗ್ಗಿ ಸೊಂಟ ನೋಯುತ್ತದೆ. ಕುಂಡ್ರಲು ಒಂದು ಮಣೆ ಇರಲಿ. ಬೆಳಕು ಎಡಗಡೆಯಿಂದ ಬರಲಿ. ಆಗ ಬಲಗೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಿರಿ.

ಸಾಮಾನು ಯಾರ ಹೆಸರಿಗೆ?

ಈಗ ಮುಖ್ಯ ಮಾತು.

ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಎಂಬ ಯೋಜನೆ ಆರಂಭಿಸಿತು. ಅದರಲ್ಲಿ 18 ಕಸುಬುಗಳಿವೆ. ಚಪ್ಪಲಿ, ಬೂಟು ಮಾಡುವ ಕಸುಬೂ ಅದರಲ್ಲಿ ಸೇರಿದೆ. 5ರಿಂದ 7 ದಿನ ಮೊದಲ ತರಬೇತಿ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ. ಸಾಮಾನು ಕೊಳ್ಳಲು 15,000 ರೂಪಾಯಿವರೆಗೆ ನೆರವು. ಮೊದಲ ಸಲ 1 ಲಕ್ಷ ರೂಪಾಯಿವರೆಗೆ ಸಾಲ, ಬಡ್ಡಿ ನೂರಕ್ಕೆ 5. ನೆನಪಿರಲಿ, ಸಾಮಾನಿನ ನೆರವು ಬೇರೆ, ಸಾಲ ಬೇರೆ. ಸಾಲ ತೀರಿಸಬೇಕು.

ಇದರಲ್ಲಿ ಒಂದು ನಿಯಮ ಇದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಆ ಒಬ್ಬರು ಗಂಡಸೇ ಆಗಬೇಕು ಎಂದು ಎಲ್ಲಿಯೂ ಇಲ್ಲ. 18 ವರ್ಷ ತುಂಬಿರಬೇಕು, ಕಸುಬು ಮಾಡುತ್ತಿರಬೇಕು.

ಆದ್ದರಿಂದ ಮನೆಯಲ್ಲಿ ಕೂತು ಮಾತಾಡಿರಿ. ಊರಲ್ಲೇ ಉಳಿದು ದಿನಾ ಕೆಲಸ ಮಾಡುವವರು ಯಾರು? ಸಾಮಾನು ಯಾರ ಕೈಯಲ್ಲಿ ಇದ್ದರೆ ಮನೆ ನಡೆಯುತ್ತದೆ? ಅವರ ಹೆಸರು ಬರೆಸಿರಿ. ನೋಂದಣಿ ನಡೆದಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿರಿ. ಅರ್ಜಿಯನ್ನು ಓದಿದ ಮೇಲೆಯೇ ಸಹಿ ಹಾಕಿರಿ. ತಿಳಿಯದಿದ್ದರೆ ಇನ್ನೊಮ್ಮೆ ಓದಿಸಿರಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ನಮ್ಮ ರಾಜ್ಯದಲ್ಲಿ ಚರ್ಮ ಕೈಗಾರಿಕೆಗೆ ಲಿಡ್ಕರ್ ಎಂಬ ನಿಗಮ ಇದೆ. ಅದು 1976ರಲ್ಲಿ ಆರಂಭವಾಯಿತು. ತರಬೇತಿ, ನೆರವಿನ ಬಗ್ಗೆ ಅಲ್ಲಿಯೂ ಕೇಳಬಹುದು.

ಬರೆದಿಡಿರಿ

ಒಂದು ನೋಟ್‌ಬುಕ್ ತಗೊಳ್ಳಿರಿ. ಪುಟದ ಮೇಲೆ ಐದು ಮನೆ ಎಳೆಯಿರಿ. ಹೀಗೆ ಬರೆಯಿರಿ:

ದಿನ. ಕೆಲಸ. ಬಂದ ಹಣ. ದಾರ, ಮೇಣ, ಮೊಳೆಯ ಖರ್ಚು. ಕೆಲಸ ಮಾಡಿದವರ ಹೆಸರು.

ಕೊನೆಯ ಮನೆಯನ್ನು ಖಾಲಿ ಬಿಡಬೇಡಿರಿ. ಪಟ್ಟಿ ಹೊಲಿದವರು ನೀವಾದರೆ ನಿಮ್ಮ ಹೆಸರು ಬರೆಯಿರಿ. ಬಾರು ಹೆಣೆದವಳು ಅತ್ತೆಯಾದರೆ ಅತ್ತೆಯ ಹೆಸರು ಬರೆಯಿರಿ. ಅಟ್ಟೆ ಕೊಯ್ದವನು ಗಂಡನಾದರೆ ಅವನ ಹೆಸರು ಬರೆಯಿರಿ. ಒಂದು ತಿಂಗಳು ಹೀಗೆ ಬರೆದು ಕೂಡಿಸಿ ನೋಡಿರಿ. ಮನೆಯ ದುಡಿಮೆಯಲ್ಲಿ ಯಾರ ಪಾಲು ಎಷ್ಟು ಎಂದು ಆ ಪುಟವೇ ಹೇಳುತ್ತದೆ. ಮನೆಯವರಿಗೂ ಓದಿ ತೋರಿಸಿರಿ.

ಓದಿರಿ, ಉತ್ತರ ಬರೆಯಿರಿ

1. ಅಟ್ಟೆಗೆ ಯಾವ ತೊಗಲು ಬರುತ್ತದೆ?
2. ಅಂಚು ತೆಳ್ಳಗೆ ಮಾಡುವಾಗ ಕೆಳಗೆ ಏನು ಇಡಬೇಕು? ಕತ್ತರಿಸುವಾಗ ಏನು ಇಡಬೇಕು?
3. ಮೂರು ಗೇಣು ಉದ್ದದ ಹೊಲಿಗೆಗೆ ಎರಡು ಸೂಜಿಯ ಹೊಲಿಗೆಯಲ್ಲಿ ಎಷ್ಟು ಗೇಣು ದಾರ ಬೇಕು?
4. ಉಳಿ ಚುಚ್ಚಿದರೆ ಏನು ಮಾಡಬೇಕು?
5. ನಿಮ್ಮ ಮನೆಯಲ್ಲಿರುವ ಸಾಮಾನುಗಳ ಹೆಸರು ಬರೆಯಿರಿ. ಅದರಲ್ಲಿ ನಿಮ್ಮವು ಯಾವುವು?